ಬಿರುಗಾಳಿಯ ದಿನಗಳಲ್ಲಿ ಮನೆಯೆಂಬ ಪಾಠಶಾಲೆ

2022ರ ಸೆಪ್ಟೆಂಬರ್ 5, ಸೋಮವಾರ. ಅಂದು ಶಿಕ್ಷಕರ ದಿನಾಚರಣೆ. ಕೋಲ್ಕತ್ತದ ಸಂತ ತೆರೇಸರ ಸ್ಮರಣೆಯ ದಿನವೂ ಹೌದು. ಬೆಂಗಳೂರಿನ ಕ್ರೈಸ್ತ ಕುಟುಂಬಗಳಿಗೆ ಅದು ವರ್ಷದಲ್ಲೇ ಅತ್ಯಂತ ಬಿಡುವಿಲ್ಲದ ವಾರ. ಶಿವಾಜಿನಗರದ ಬೆಸಿಲಿಕಾದಲ್ಲಿ ವಾಡಿಕೆಯಂತೆ ಆಗಸ್ಟ್ 29ರಂದು ಧ್ವಜವೇರಿ, ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನನೋತ್ಸವಕ್ಕಾಗಿ ನವದಿನಗಳ ಪ್ರಾರ್ಥನೆ ನಡೆಯುತ್ತಿತ್ತು. ಕರಾವಳಿ ಮೂಲದ ಮನೆಗಳಲ್ಲಿ ಹೊಸ ತೆನೆಯ ಊಟಕ್ಕೆ ಸಿದ್ಧತೆ, ಕೇರಳ ಮೂಲದ ಮನೆಗಳಲ್ಲಿ ಅದೇ 8ರಂದು ಬರಲಿದ್ದ ಓಣಂ, ನೆರೆಮನೆಗಳಲ್ಲಿ ಆಗತಾನೆ ಮುಗಿದಿದ್ದ ಗೌರಿ-ಗಣೇಶರ ಹಬ್ಬ. ಅಂಥ ಹಬ್ಬದ ನಡುವೆ ಭಾನುವಾರ ರಾತ್ರಿ ಮಳೆ ಸುರಿಯಿತು. ಸೋಮವಾರ ಬೆಳಿಗ್ಗೆಯ ಲೆಕ್ಕದಲ್ಲಿ ನಗರದಲ್ಲಿ ದಾಖಲಾದದ್ದು 131.6 ಮಿಲಿಮೀಟರ್.

ಬೆಳಗಾಗುವಷ್ಟರಲ್ಲಿ ಬೆಳ್ಳಂದೂರು, ಯಮಲೂರು, ವರ್ತೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಗಳೆಲ್ಲ ಹೊಳೆಯಂತಾಗಿದ್ದವು. ಕೋಟಿ ಕೋಟಿ ಬೆಲೆಯ ಮನೆಗಳಿಂದ ಜನರನ್ನು ರಬ್ಬರ್ ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೊರತಂದರು. ಕೊರಳಿಗೆ ಕಂಪನಿಯ ಗುರುತಿನ ಚೀಟಿ ತೂಗುಹಾಕಿಕೊಂಡ ಇಂಜಿನಿಯರುಗಳು ಟ್ರ್ಯಾಕ್ಟರಿನಲ್ಲಿ ನಿಂತು ಕೆಲಸಕ್ಕೆ ಹೋದ ಚಿತ್ರವನ್ನು ಜಗತ್ತೇ ನೋಡಿತು. ಮಳವಳ್ಳಿ ತಾಲ್ಲೂಕಿನ ಟಿ.ಕೆ.ಹಳ್ಳಿಯ ಪಂಪುಗಾರಕ್ಕೂ ನೀರು ನುಗ್ಗಿ ಕಾವೇರಿ ನೀರಿನ ಪೂರೈಕೆ ನಿಂತಿತು. ಸುತ್ತಲೂ ನೀರು, ಕುಡಿಯಲು ಹನಿಯಿಲ್ಲ. ವೈಟ್‌ಫೀಲ್ಡ್ ಭಾಗದಲ್ಲಿ ಒಬ್ಬ ಯುವತಿ ನೀರು ತುಂಬಿದ ರಸ್ತೆಯಲ್ಲಿ ವಿದ್ಯುತ್ ಕಂಬ ತಗುಲಿ ಪ್ರಾಣ ಕಳೆದುಕೊಂಡಳು. ಆ ಭಾಗದ ಅನೇಕ ಶಾಲೆಗಳು ರಜೆ ಘೋಷಿಸಿದವು, ಕೆಲವು ಆನ್‌ಲೈನ್ ತರಗತಿಗೆ ಮರಳಿದವು. ಹೀಗೆ ಶಿಕ್ಷಕರ ದಿನದಂದೇ ಮನೆ ಮತ್ತೊಮ್ಮೆ ಶಾಲೆಯಾಯಿತು. ಎರಡು ವರ್ಷ ಮಹಾಮಾರಿಯ ಕಾಲದಲ್ಲಿ ಊಟದ ಮೇಜಿನ ಒಂದು ತುದಿಯಲ್ಲಿ ಮಗುವಿನ ಪಾಠ, ಇನ್ನೊಂದು ತುದಿಯಲ್ಲಿ ತಂದೆಯ ಕಚೇರಿ, ಅಡುಗೆಮನೆಯಲ್ಲಿ ತಾಯಿಯ ಕಚೇರಿ ಎಂದು ಬಾಳಿದ್ದ ಕುಟುಂಬಗಳಿಗೆ ಇದೇನೂ ಹೊಸದಾಗಿರಲಿಲ್ಲ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಊರಿಗೆ ಚಂಡಮಾರುತ ನೇರವಾಗಿ ಬಂದೆರಗುವುದಿಲ್ಲ. 2022ರ ಡಿಸೆಂಬರಿನ ಮಾಂಡೂಸ್ ಆಗಲಿ, 2024ರ ಫೆಂಗಲ್ ಆಗಲಿ, ಬಂಗಾಳ ಕೊಲ್ಲಿಯಲ್ಲಿ ಎದ್ದ ಬಿರುಗಾಳಿ ಇಲ್ಲಿಗೆ ತಲುಪುವ ಹೊತ್ತಿಗೆ ಜಡಿಮಳೆಯೂ ಚಳಿಯೂ ಆಗಿರುತ್ತದೆ. ಆದರೆ ಬರ, ಪ್ಲೇಗು, ಮಹಾಮಾರಿ, ನೆರೆ ಎಂಬ ಬೇರೆ ಹೆಸರುಗಳಲ್ಲಿ ಬಿರುಗಾಳಿ ಈ ನೆಲಕ್ಕೆ ಬಂದಿದೆ. ಬಂದಾಗಲೆಲ್ಲ ಶಾಲೆಯ ಬಾಗಿಲನ್ನೂ ದೇವಾಲಯದ ಬಾಗಿಲನ್ನೂ ಮುಚ್ಚಿಸಿದೆ. ಆ ಎರಡರ ಕೆಲಸವನ್ನೂ ಮನೆಯ ಹೆಗಲಿಗೆ ಹೊರಿಸಿದೆ. ಮನೆ ಅದನ್ನು ಹೇಗೆ ಹೊತ್ತಿತು, ಎಲ್ಲಿ ಹೊರಲಾರದೆ ಕುಸಿಯಿತು ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ.

ಲೋವಿಯ ಮನೆ

ಮನೆಯೇ ಮೊದಲ ಪಾಠಶಾಲೆ ಎಂಬ ಮಾತು ನಮ್ಮ ಧರ್ಮಗ್ರಂಥದಷ್ಟೇ ಹಳೆಯದು. ದೇವರ ಆಜ್ಞೆಗಳನ್ನು ಮನೆಯಲ್ಲಿ ಕುಳಿತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಕಲಿಸಬೇಕೆಂದು ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯ ವಿಧಿಸುತ್ತದೆ. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಜೆರುಸಲೇಮಿನ ದೇವಾಲಯ ಸುಟ್ಟು ಬೂದಿಯಾಗಿ ಜನರು ಬಾಬಿಲೋನಿಗೆ ಸೆರೆಹೋದಾಗ ಬಲಿಪೀಠ ಉಳಿಯಲಿಲ್ಲ, ಮನೆ ಉಳಿಯಿತು. ಸಬ್ಬತ್ತಿನ ಆಚರಣೆಯನ್ನು ಹೊತ್ತು ನಡೆದದ್ದು ಕುಟುಂಬ. ಸಂತ ಪೌಲರು ತಿಮೊಥೇಯನಿಗೆ ಬರೆಯುವಾಗ ಅವನ ವಿಶ್ವಾಸವು ಮೊದಲು ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ನೆಲೆಸಿತ್ತೆಂದು ನೆನಪಿಸುತ್ತಾರೆ. ಮುಂದೆ ಧರ್ಮಾಧ್ಯಕ್ಷನಾದವನ ಮೊದಲ ಗುರುಮಠ ಅಜ್ಜಿಯ ಮಡಿಲು.

ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್ 21ರಂದು ಪ್ರಕಟಿಸಿದ ಧರ್ಮಸಭೆಯ ಕುರಿತ ಸಂವಿಧಾನದಲ್ಲಿ ಕುಟುಂಬವನ್ನು ಗೃಹ ಧರ್ಮಸಭೆಯೆಂದು ಕರೆಯಿತು. ಮರುವರ್ಷ ಅಕ್ಟೋಬರ್ 28ರಂದು ಹೊರಬಂದ ಕ್ರೈಸ್ತ ಶಿಕ್ಷಣದ ಘೋಷಣೆಯು ತಂದೆತಾಯಿಗಳೇ ಮಕ್ಕಳ ಮೊದಲ ಹಾಗೂ ಮುಖ್ಯ ಶಿಕ್ಷಕರೆಂದು ಸಾರಿತು. ಅದೇ ಘೋಷಣೆ ಮತ್ತೊಂದನ್ನೂ ಹೇಳುತ್ತದೆ: ಈ ಕರ್ತವ್ಯವನ್ನು ನೆರವೇರಿಸಲು ಕುಟುಂಬಕ್ಕೆ ಇಡೀ ಸಮಾಜದ ನೆರವು ಬೇಕು. ಗುರುಮಠದಲ್ಲಿ ಇದನ್ನು ಓದಿದಾಗ ಮೊದಲ ಭಾಗದ ಕೆಳಗೆ ಗೆರೆ ಎಳೆದುಕೊಂಡಿದ್ದೆ. ಎರಡನೆಯ ಭಾಗದ ಅರ್ಥ ತಿಳಿಯಲು ಬಹಳ ವರ್ಷ ಬೇಕಾಯಿತು.

ಗುರುಗಳಿಲ್ಲದ ಊರುಗಳಲ್ಲಿ

ಮೈಸೂರು ಸೀಮೆಯ ಕಥೋಲಿಕ ಸಮುದಾಯದ ಚರಿತ್ರೆಯೇ ಒಂದರ್ಥದಲ್ಲಿ ಮನೆಪಾಠದ ಚರಿತ್ರೆ. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು 1648ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಾರ್ಯಾರಂಭ ಮಾಡಿದರು. ಆಗ ಆಳುತ್ತಿದ್ದವರು ಕಂಠೀರವ ನರಸರಾಜ ಒಡೆಯರು. ಚಿನ್ನಮಿಯವರು ಕನ್ನಡವನ್ನು ಕಲಿತು ವ್ಯಾಕರಣವನ್ನೂ ಧರ್ಮೋಪದೇಶದ ಪುಸ್ತಕವನ್ನೂ ಸಿದ್ಧಪಡಿಸಿದರು. ಊರೂರಿಗೂ ಗುರುಗಳು ನೆಲೆಸುವುದು ಸಾಧ್ಯವಿರಲಿಲ್ಲ. ಅವರು ಬಂದುಹೋಗುವ ನಡುವಿನ ತಿಂಗಳುಗಳಲ್ಲಿ ಪ್ರಾರ್ಥನೆ ನಡೆಸಿ, ಮಕ್ಕಳಿಗೆ ಜಪಗಳನ್ನು ಬಾಯಿಪಾಠ ಮಾಡಿಸಿ, ಸತ್ತವರನ್ನು ಮಣ್ಣುಮಾಡಿ, ವಿಶ್ವಾಸದ ದೀಪ ಆರದಂತೆ ನೋಡಿಕೊಂಡವರು ಉಪದೇಶಿಗಳು ಹಾಗೂ ಮನೆಯ ಹಿರಿಯರು.

1773ರಲ್ಲಿ ವಿಶ್ವಗುರುಗಳು ಯೇಸುಸಭೆಯನ್ನು ವಿಸರ್ಜಿಸಿದಾಗ ಈ ಸಮುದಾಯಗಳಿಗೆ ಮೊದಲ ದೊಡ್ಡ ಪೆಟ್ಟು ಬಿತ್ತು. ಎರಡನೆಯದು 1784ರಲ್ಲಿ. ಆ ವರ್ಷ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಸೀಮೆಯ ಸಾವಿರಾರು ಕಥೋಲಿಕರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಗುರುಗಳನ್ನು ನಾಡಿನಿಂದ ಹೊರಹಾಕಲಾಯಿತು. ಎಷ್ಟು ಮಂದಿ ಹೋದರು, ಎಷ್ಟು ಮಂದಿ ಮರಳಿದರು ಎಂಬ ಸಂಖ್ಯೆಗಳಲ್ಲಿ ಚರಿತ್ರೆಕಾರರಿಗೆ ಒಮ್ಮತವಿಲ್ಲ. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಕರಾವಳಿಗೆ ಮರಳಿದವರು ಮತ್ತೆ ದೇವಾಲಯಗಳನ್ನು ಕಟ್ಟಿದರು ಎಂಬುದರಲ್ಲಿ ಸಂದೇಹವಿಲ್ಲ. ಹದಿನೈದು ವರ್ಷವೆಂದರೆ ಒಂದು ಮಗು ಹುಟ್ಟಿ ಬೆಳೆದು ಪ್ರಾಯಕ್ಕೆ ಬರುವ ಕಾಲ. ಸೆರೆಯಲ್ಲಿ ಹುಟ್ಟಿದ ಮಕ್ಕಳಿಗೆ ಗುರುಗಳ ಮುಖ ಕಾಣುವುದೇ ಅಪರೂಪವಾಗಿತ್ತು. ಅವರಿಗೆ ಶಿಲುಬೆಯ ಗುರುತು ಹಾಕಲು ಕಲಿಸಿದವರಾರೆಂದು ಕೇಳಿದರೆ ಉತ್ತರ ಮನೆಯೊಳಗೇ ಇದೆ.

ಆ ಮೇಲೆ ಮೈಸೂರು ಸೀಮೆಗೆ ಬಂದ ಪ್ಯಾರಿಸ್ಸಿನ ಮಿಷನ್ ಸಂಸ್ಥೆಯ ಆಬೆ ದ್ಯುಬುವಾ ಚದುರಿಹೋಗಿದ್ದ ಕುಟುಂಬಗಳನ್ನು ಒಟ್ಟುಗೂಡಿಸಿದರು. ಹಾಸನ ಸಮೀಪದ ಸಾತಳ್ಳಿಯಲ್ಲಿ ಕೃಷಿ ವಸತಿಯನ್ನು ನೆಲೆಗೊಳಿಸಿದರು. ಸಿಡುಬು ತಡೆಯುವ ಲಸಿಕೆ ಹೊಸದಾಗಿ ಬಂದಿದ್ದ 1803-04ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಲಾಯಿತು. ಮನೆಯ ಪ್ರಾರ್ಥನೆ ಮಗುವಿನ ಆತ್ಮವನ್ನು ಕಾಯುತ್ತದೆ, ಅದರ ದೇಹವನ್ನು ಕಾಯಲು ಮನೆಯ ಹೊರಗಿನವರ ಕೈಯೂ ಬೇಕೆಂಬುದನ್ನು ಆ ಗುರು ಅರಿತಿದ್ದರು.

ಧಾತು-ಈಶ್ವರದ ಬರ

ಮನೆಯ ಶಕ್ತಿಗೆ ಮಿತಿಯಿದೆಯೆಂದು ಕ್ರೂರವಾಗಿ ತೋರಿಸಿದ್ದು 1876ರಿಂದ 78ರವರೆಗಿನ ಮಹಾಕ್ಷಾಮ. ನಮ್ಮ ಹಿರಿಯರು ಅದನ್ನು ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದರು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50,55,412. ಹತ್ತು ವರ್ಷದ ನಂತರ, 1881ರಲ್ಲಿ, 41,86,188. ಬೆಳೆಯಬೇಕಾಗಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಇಳಿದಿತ್ತು. ಆರು ಮಂದಿಯಿದ್ದ ಕಡೆ ಐದೇ ಮಂದಿ ಉಳಿದರೆಂದು ಸ್ಥೂಲವಾಗಿ ತಿಳಿಯಬಹುದು.

ಅಂಥ ಹೊತ್ತಿನಲ್ಲಿ ತಂದೆತಾಯಿಗಳೇ ಮೊದಲ ಶಿಕ್ಷಕರೆಂಬ ಮಾತಿಗೆ ಅರ್ಥವೇನು? ಎಷ್ಟೋ ಮಕ್ಕಳಿಗೆ ತಂದೆತಾಯಿಗಳೇ ಉಳಿಯಲಿಲ್ಲ. ಗಂಜಿಕೇಂದ್ರಗಳ ಬಾಗಿಲಲ್ಲಿ ಒಂಟಿಯಾಗಿ ನಿಂತ ಮಕ್ಕಳನ್ನು ಕಥೋಲಿಕ ಗುರುಗಳೂ ಕನ್ಯಾಸ್ತ್ರೀಯರೂ ಪ್ರಾಟೆಸ್ಟೆಂಟ್ ಮಿಷನರಿಗಳೂ ಅನಾಥಾಲಯಗಳಿಗೆ ಕರೆದೊಯ್ದರು. ಈ ಕಾರ್ಯದ ಬಗ್ಗೆ ಹೊಗಳಿಕೆಯೂ ಇದೆ, ಹಸಿವನ್ನು ಬಳಸಿಕೊಂಡರೆಂಬ ಟೀಕೆಯೂ ಇದೆ. ಎರಡನ್ನೂ ನಾವು ಕೇಳಿಸಿಕೊಳ್ಳಬೇಕು. ನನ್ನ ಮಟ್ಟಿಗೆ ಮುಖ್ಯವಾಗಿ ಕಾಣುವುದು ಇದು: ಮನೆ ಬಿದ್ದುಹೋದಾಗ ಇನ್ನೊಂದು ಮನೆ ತೆರೆಯಲೇಬೇಕಿತ್ತು, ಅದನ್ನು ತೆರೆದವರು ಆ ಮಕ್ಕಳಿಗೆ ಅನ್ನದ ಜೊತೆ ಅಕ್ಷರವನ್ನೂ ಕಸುಬನ್ನೂ ಕೊಟ್ಟರು. ಬೆಂಗಳೂರು-ಮೈಸೂರು ರೈಲುಮಾರ್ಗವೂ ಬರಪರಿಹಾರದ ಕಾಮಗಾರಿಯಾಗಿಯೇ ಆರಂಭವಾಯಿತು. ಇಂದು ಆ ಹಳಿಗಳ ಮೇಲೆ ಒಂದೆರಡು ಗಂಟೆಗಳಲ್ಲಿ ಮೈಸೂರು ಸೇರುವ ನಾವು ಅವನ್ನು ಹಾಸಿದ ಕೈಗಳನ್ನು ನೆನೆಯುವುದು ಕಡಿಮೆ.

ವೈಟ್‌ಫೀಲ್ಡಿನ ವೃತ್ತ

ಕ್ಷಾಮ ಕಳೆದ ಕೆಲವೇ ವರ್ಷಗಳಲ್ಲಿ, 1882ರಲ್ಲಿ, ಬೆಂಗಳೂರಿನ ಪೂರ್ವಕ್ಕೆ ಕುಟುಂಬಗಳಿಗಾಗಿಯೇ ಒಂದು ಊರು ಹುಟ್ಟಿತು. ಡೇವಿಡ್ ಇಮ್ಯಾನ್ಯುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್ ಎಂಬುವರು ಯುರೇಷಿಯನ್ ಹಾಗೂ ಆಂಗ್ಲೋ-ಇಂಡಿಯನ್ ಸಂಘದ ನಾಯಕರು. ಅವರ ಕೋರಿಕೆಯ ಮೇರೆಗೆ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರು 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ನಡುವೆ ವೃತ್ತಾಕಾರದ ಬಯಲು, ಸುತ್ತ ಹಂಚಿನ ಮನೆಗಳು, ಮನೆಗಳ ಹಿಂದೆ ತೋಟ. ನೌಕರಿಯನ್ನು ನಂಬದೆ ಪ್ರತಿ ಕುಟುಂಬವೂ ತನ್ನ ಬೇಸಾಯದಿಂದ ಬದುಕಬೇಕು, ಮಕ್ಕಳನ್ನು ಆ ಸ್ವಾವಲಂಬನೆಯಲ್ಲಿ ಬೆಳೆಸಬೇಕು ಎಂಬುದು ವೈಟರ ಕನಸು.

ಆ ಕನಸು ಪೂರ್ತಿ ಕೈಗೂಡಲಿಲ್ಲ. ಬೇಸಾಯ ಕೆಲವರಿಗೆ ಒಲಿಯಿತು, ಹಲವರಿಗೆ ಒಲಿಯಲಿಲ್ಲ. ಯುವಕರು ರೈಲ್ವೆಗೂ ಕೋಲಾರದ ಚಿನ್ನದ ಗಣಿಗೂ ಹೊರಟರು. ವೃತ್ತದಲ್ಲಿ ಉಳಿದವರು ಹಿರಿಯರು. ನೂರು ವರ್ಷಗಳ ನಂತರ ಅದೇ ವೈಟ್‌ಫೀಲ್ಡಿಗೆ ದೇಶದ ಮೂಲೆಮೂಲೆಯಿಂದ ಯುವಕುಟುಂಬಗಳು ಬಂದು ಸೇರಿದ್ದನ್ನು ವೈಟರು ಊಹಿಸಿಯೂ ಇರಲಾರರು. ಅವರ ವೃತ್ತ ಇಂದೂ ಇನ್ನರ್ ಸರ್ಕಲ್ ಎಂಬ ಹೆಸರಿನಲ್ಲಿ ಉಳಿದಿದೆ. ಕುಟುಂಬವೊಂದು ಸುತ್ತ ಬೇಲಿ ಹಾಕಿಕೊಂಡು ತನಗೆ ತಾನೇ ಸಾಕೆಂದು ಬಾಳಬಹುದೆಂಬ ಆಸೆಯೂ ಹಾಗೆಯೇ ಉಳಿದಿದೆ.

ಪ್ಲೇಗಿನ ಗುಡಿಸಲುಗಳು

1898ರ ಆಗಸ್ಟಿನಲ್ಲಿ ರೈಲಿನ ಮೂಲಕ ಬೆಂಗಳೂರಿಗೆ ಪ್ಲೇಗು ಬಂದಿತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಮನೆ ಬಿಡಬೇಕೆಂಬುದು ಜನರು ಅನುಭವದಿಂದ ಕಲಿತ ಪಾಠ. ಪೇಟೆಯ ಇಕ್ಕಟ್ಟಿನ ಬೀದಿಗಳನ್ನು ತೊರೆದು ಕುಟುಂಬಗಳು ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡವು. ಶಾಲೆಗಳು ಮುಚ್ಚಿದವು, ಜಾತ್ರೆ, ಸಂತೆಗಳು ನಿಂತವು. ಒಂದು ಕಡೆ ಪ್ಲೇಗಿನ ಮಾರಮ್ಮನಿಗೆ ಹರಕೆ, ಇನ್ನೊಂದು ಕಡೆ ಸಂತ ಸೆಬಾಸ್ಟಿಯನ್ನರ, ಸಂತ ರೋಕರ ಮೊರೆ. ಸೋಂಕಿನವರನ್ನು ಪ್ರತ್ಯೇಕ ಶಿಬಿರಗಳಿಗೆ ಸಾಗಿಸುವಾಗ ತಾಯಿಯಿಂದ ಮಗು ಅಗಲುವ ಸಂಕಟ. ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು 1886ರಲ್ಲಿ ಆರಂಭಿಸಿದ್ದ ಸಂತ ಮಾರ್ತಾ ಆಸ್ಪತ್ರೆಗೆ ಆಗಿನ್ನೂ ಹನ್ನೆರಡರ ಹರೆಯ. ಮಲ್ಲೇಶ್ವರ, ಬಸವನಗುಡಿಗಳಂಥ ಗಾಳಿ-ಬೆಳಕಿನ ಬಡಾವಣೆಗಳು ತುಂಬಿದ್ದು ಈ ಪ್ಲೇಗಿನ ನಂತರವೇ.

ಇದಕ್ಕೆ ಒಂದು ವರ್ಷ ಮುಂಚೆ, 1897ರ ಮಾರ್ಚ್ 10ರಂದು, ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಅದೇ ಪ್ಲೇಗಿಗೆ ಬಲಿಯಾದರು. ಹೆಣ್ಣುಮಕ್ಕಳಿಗೂ ದಲಿತ ಮಕ್ಕಳಿಗೂ ಶಾಲೆ ತೆರೆದ ಆ ತಾಯಿ ರೋಗಪೀಡಿತರ ಸೇವೆಯಲ್ಲಿದ್ದಾಗಲೇ ಸೋಂಕು ತಗುಲಿ ತೀರಿಕೊಂಡರು. ಶಾಲೆಯ ಬಾಗಿಲು ಮುಚ್ಚಿದಾಗ ಆ ಶಿಕ್ಷಕಿ ನಡೆದುಹೋದದ್ದು ಮಕ್ಕಳಿದ್ದ ಕಡೆಗೆ. ಅವರು ಕ್ರೈಸ್ತರಲ್ಲ, ಆದರೆ ಕುರಿಗಳಿಗಾಗಿ ಪ್ರಾಣ ಕೊಡುವ ಒಳ್ಳೆಯ ಕುರುಬನ ಸಾಮತಿಯನ್ನು ಬೋಧಿಸುವಾಗ ನನಗೆ ಅವರ ನೆನಪಾಗುತ್ತದೆ.

ಕೆರೆಯಂಗಳದ ಮೇಲೆ ಹೊಸ ನಗರ

ಸ್ವಾತಂತ್ರ್ಯಾನಂತರ ಬೆಂಗಳೂರಿನ ಹೊರವಲಯ ಬದಲಾದ ವೇಗ ಅಪಾರ. ಪಶ್ಚಿಮೋತ್ತರದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ದಕ್ಷಿಣದಲ್ಲಿ ಆರ್.ಕೆ. ಬಾಳಿಗರ ದೂರದೃಷ್ಟಿಯಿಂದ 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. 1990ರ ದಶಕದಲ್ಲಿ ವೈಟ್‌ಫೀಲ್ಡಿನ ಹತ್ತಿರ ಐಟಿಪಿಎಲ್ ಬಂದಿತು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಗಾಜಿನ ಕಟ್ಟಡಗಳು ನಿಂತವು. ಅಜ್ಜ-ಅಜ್ಜಿಯರು ಹಾಸನದಲ್ಲಿಯೋ ಮಂಗಳೂರಿನಲ್ಲಿಯೋ ಉಳಿದರು. ಗಂಡ ಹೆಂಡತಿ ಒಂದು ಮಗುವಿನ ಸಂಸಾರ ಹನ್ನೆರಡನೆಯ ಅಂತಸ್ತಿಗೆ ಏರಿತು. ಲೋವಿಯ ಮಡಿಲು ದೂರವಾಯಿತು.

ಬೆಂಗಳೂರಿನ ಹಿರಿಯರು ನೀರಿನ ಸ್ವಭಾವವನ್ನು ಬಲ್ಲವರಾಗಿದ್ದರು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಹರಿದು ಮುಂದಿನ ಕೆರೆ ಸೇರುತ್ತಿತ್ತು. ಬೆಳ್ಳಂದೂರು ಕೆರೆಯಿಂದ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ನಾವು ಕಾಲುವೆಯನ್ನು ಕಿರಿದುಗೊಳಿಸಿ, ಕೆಲವೆಡೆ ಮುಚ್ಚಿ, ಕೆರೆಯಂಗಳದಲ್ಲಿ ಬಡಾವಣೆ ಕಟ್ಟಿದೆವು. 2022ರಲ್ಲಿ ನೀರು ತನ್ನ ಹಳೆಯ ದಾರಿಯನ್ನೇ ಹುಡುಕಿಕೊಂಡು ಬಂದಿತು. ಬಂಡೆಯ ಮೇಲೂ ಮರಳಿನ ಮೇಲೂ ಮನೆ ಕಟ್ಟಿದ ಇಬ್ಬರ ಸಾಮತಿಯನ್ನು ಅದುವರೆಗೆ ನಾನು ಬರಿಯ ಆಧ್ಯಾತ್ಮಿಕ ಅರ್ಥದಲ್ಲಿ ಬೋಧಿಸುತ್ತಿದ್ದೆ. ಆ ವಾರ ನನ್ನ ಧರ್ಮಕೇಂದ್ರದ ಭಕ್ತರಿಗೆ ಅದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ.

ಎಲ್ಲರೂ ಒಂದೇ ದೋಣಿಯಲ್ಲಿ

ನೆರೆಗೆ ಎರಡು ವರ್ಷ ಹಿಂದಕ್ಕೆ ಹೋಗೋಣ. 2020ರ ಮಾರ್ಚ್ 27ರ ಸಂಜೆ ರೋಮಿನಲ್ಲಿ ಮಳೆ. ಸಂತ ಪೇತ್ರರ ಚೌಕ ಬರಿದಾಗಿತ್ತು. ವಿಶ್ವಗುರು ಫ್ರಾನ್ಸಿಸರು ಒಬ್ಬಂಟಿಯಾಗಿ ಮೆಟ್ಟಿಲು ಹತ್ತಿ ಬಂದರು. ಹದಿನಾರನೆಯ ಶತಮಾನದಲ್ಲಿ ಪ್ಲೇಗು ಬಂದಾಗ ರೋಮಿನ ಬೀದಿಗಳಲ್ಲಿ ಮೆರವಣಿಗೆಯಲ್ಲಿ ಒಯ್ದಿದ್ದ ಶಿಲುಬೆಯನ್ನು ಅಲ್ಲಿ ಇರಿಸಲಾಗಿತ್ತು. ಆ ಸಂಜೆ ಓದಲಾದ ಶುಭಸಂದೇಶ ಸಂತ ಮಾರ್ಕರ ನಾಲ್ಕನೆಯ ಅಧ್ಯಾಯದ ಬಿರುಗಾಳಿಯ ಪ್ರಸಂಗ. ದೋಣಿಯ ಹಿಂಬದಿಯಲ್ಲಿ ಯೇಸುಸ್ವಾಮಿ ನಿದ್ರಿಸುತ್ತಿದ್ದಾರೆ, ಶಿಷ್ಯರು ಹೆದರಿ ಎಬ್ಬಿಸುತ್ತಾರೆ. ನಾವೆಲ್ಲರೂ ಒಂದೇ ದೋಣಿಯಲ್ಲಿದ್ದೇವೆ, ಯಾರೂ ಒಬ್ಬಂಟಿಯಾಗಿ ಪಾರಾಗಲಾರರು ಎಂಬುದು ಅವರ ಪ್ರಬೋಧನೆಯ ತಿರುಳು. 2025ರ ಏಪ್ರಿಲ್ 21ರಂದು ಅವರು ದೈವಾಧೀನರಾದಾಗ ನನ್ನ ಕಣ್ಣಮುಂದೆ ಬಂದದ್ದು ಆ ಸಂಜೆಯ ಚಿತ್ರವೇ.

ಇತ್ತ ಬೆಂಗಳೂರಿನಲ್ಲಿ ಶಾಲೆಗಳೂ ದೇವಾಲಯಗಳೂ ಮುಚ್ಚಿದವು. 2020ರ ಜೂನಿನಲ್ಲಿ ರಾಜ್ಯ ಸರ್ಕಾರ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿಗಳನ್ನು ನಿಷೇಧಿಸಿತು. ಜುಲೈ 8ರಂದು ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಆಗಸ್ಟಿನಲ್ಲಿ ಸರ್ಕಾರಿ ಶಿಕ್ಷಕರು ಮಕ್ಕಳಿದ್ದೆಡೆಗೇ ಹೋಗಿ ಮರದಡಿ, ಗುಡಿಯ ಜಗುಲಿಯಲ್ಲಿ ಪಾಠ ಹೇಳುವ ವಿದ್ಯಾಗಮ ಆರಂಭವಾಯಿತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ನಿಂತಿತು. ಒಂದರಿಂದ ಐದನೆಯ ತರಗತಿಯ ಮಕ್ಕಳು ಶಾಲೆಯ ಮೆಟ್ಟಿಲು ತುಳಿದದ್ದು 2021ರ ಅಕ್ಟೋಬರ್ 25ರಂದು. ಅಂದರೆ ಹತ್ತೊಂಬತ್ತು ತಿಂಗಳ ನಂತರ.

ಈ ನಡುವೆ, 2021ರ ಜನವರಿಯಲ್ಲಿ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರಿಶೀಲಿಸಿದರು. ನೂರಕ್ಕೆ 92 ಮಕ್ಕಳು ಭಾಷೆಯಲ್ಲಿ, 82 ಮಕ್ಕಳು ಗಣಿತದಲ್ಲಿ, ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಸಾಮರ್ಥ್ಯವನ್ನು ಮರೆತಿದ್ದರು. ಹೊಸದನ್ನು ಕಲಿಯದಿದ್ದುದು ಒಂದು ನಷ್ಟ; ಕಲಿತದ್ದೇ ಕರಗಿಹೋದದ್ದು ಇನ್ನೂ ದೊಡ್ಡ ನಷ್ಟ. ಅದೇ ಕಾಲದಲ್ಲಿ ವೈಟ್‌ಫೀಲ್ಡಿನ ಕೆಲವು ಸುಶಿಕ್ಷಿತ ತಂದೆತಾಯಿಗಳು ಮನೆಪಾಠದ ಸವಿಯನ್ನು ಕಂಡುಕೊಂಡು, ಶಾಲೆ ತೆರೆದ ಮೇಲೂ ಮಕ್ಕಳಿಗೆ ಮನೆಯಲ್ಲೇ ಕಲಿಸಿ ರಾಷ್ಟ್ರೀಯ ಮುಕ್ತ ಶಾಲೆಯ ಪರೀಕ್ಷೆ ಕಟ್ಟಿಸುವ ದಾರಿ ಹಿಡಿದರು. ಅವರ ಶ್ರಮವನ್ನು ನಾನು ಗೌರವಿಸುತ್ತೇನೆ. ಆದರೆ ಆಯ್ದುಕೊಂಡ ಮನೆಪಾಠ ಬೇರೆ, ತಲೆಯ ಮೇಲೆ ಬಿದ್ದ ಮನೆಪಾಠ ಬೇರೆ.

ಮನೆಯೇ ಇಲ್ಲದವರ ಕಥೆಯಂತೂ ಮತ್ತೂ ಬೇರೆ. 2020ರ ಮೇ 3ರಂದು ಪೀಣ್ಯಕ್ಕೆ ಸಮೀಪದ ಚಿಕ್ಕಬಾಣಾವರ ನಿಲ್ದಾಣದಿಂದ ಬಿಹಾರದ ದಾನಾಪುರಕ್ಕೆ ವಲಸೆ ಕಾರ್ಮಿಕರ ವಿಶೇಷ ರೈಲು ಹೊರಟಿತು. ಅದಾದ ಎರಡು ಮೂರು ದಿನಗಳಲ್ಲೇ ಅಂಥ ರೈಲುಗಳನ್ನು ನಿಲ್ಲಿಸುವ ತೀರ್ಮಾನವಾಗಿ, ಎಲ್ಲೆಡೆ ಟೀಕೆ ಎದ್ದ ಮೇಲೆ ಮತ್ತೆ ಓಡಿಸಿದರು. ಗಂಟುಮೂಟೆ ಹೊತ್ತು ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ನಿಲ್ದಾಣದ ಕಡೆ ನಡೆದವರು ಈ ನಗರದ ಮನೆಗಳನ್ನು ಕಟ್ಟಿದವರು. ಮನೆಯಲ್ಲೇ ಇರಿ ಎಂಬ ಆಜ್ಞೆ ಅವರಿಗೂ ಅನ್ವಯಿಸುತ್ತಿತ್ತು.

ನನ್ನ ಪಟ್ಟಿಯಲ್ಲಿ ಇಲ್ಲದ ಮನೆ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಆಗ ನಾನು ಹೊರವಲಯದ ಒಂದು ಧರ್ಮಕೇಂದ್ರದಲ್ಲಿದ್ದೆ. ಬಲಿಪೂಜೆಯನ್ನು ಮೊಬೈಲಿನಲ್ಲಿ ಬಿತ್ತರಿಸುತ್ತಿದ್ದೆವು. ಪ್ರತಿ ಶನಿವಾರ ಧರ್ಮೋಪದೇಶದ ಪ್ರಶ್ನೆಗಳನ್ನು ಕುಟುಂಬಗಳಿಗೆ ಕಳುಹಿಸಿ, ಮನೆಯಲ್ಲೇ ಕಲಿಸಿ ಉತ್ತರ ಬರೆಸಿ ಎಂದು ಕೋರುತ್ತಿದ್ದೆ. ಉತ್ತರಗಳು ಬರುತ್ತಿದ್ದವು, ಕೆಲವು ಬಣ್ಣಬಣ್ಣದ ಚಿತ್ರಗಳೊಡನೆ. ಗೃಹ ಧರ್ಮಸಭೆ ಜೀವ ತಳೆದಿದೆಯೆಂದು ನಾನು ಹಿಗ್ಗಿದ್ದೆ.

2021ರ ಕ್ರಿಸ್‌ಮಸ್‌ಗೆ ಮುಂಚೆ ತರಗತಿಗಳನ್ನು ದೇವಾಲಯದಲ್ಲಿ ಪುನರಾರಂಭಿಸಿದಾಗ ಒಬ್ಬ ಹುಡುಗಿ ಬಂದಳು. ತಂದೆ ಗಾರೆಕೆಲಸದವರು, ತಾಯಿ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವವರು, ತಗಡಿನ ಶೆಡ್ಡಿನಲ್ಲಿ ವಾಸ. ಮನೆಗೊಂದೇ ಫೋನು, ಅದು ಬೆಳಿಗ್ಗೆ ತಂದೆಯ ಜೊತೆ ಹೋದರೆ ರಾತ್ರಿ ಮರಳುವುದು. ಎರಡನೆಯ ತರಗತಿಯಲ್ಲಿ ಬಲಿಪೂಜೆಯ ವಾಚನವನ್ನು ತೊದಲುತ್ತಾದರೂ ಓದುತ್ತಿದ್ದ ಮಗು ಈಗ ನಾಲ್ಕನೆಯ ತರಗತಿಯಲ್ಲಿ ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಿದ್ದಳು. ಮನೆಯಲ್ಲಿ ಓದಿಸಲಿಲ್ಲವೇ ಎಂದು ನಾನು ತಾಯಿಯನ್ನು ಕೇಳಿದೆ. ಅವರು ತಲೆ ತಗ್ಗಿಸಿ, “ಸ್ವಾಮಿ, ಮನೇಲೇ ಕಲ್ಸಿ ಅಂತ ನೀವು ಹೇಳಿದ್ರಂತೆ. ನಂಗೇ ಓದಕ್ಕೆ ಬರಲ್ಲ, ಏನು ಕಲ್ಸಲಿ?” ಎಂದರು.

ಹುಡುಕಿ ನೋಡಿದೆ. ಬಾಡಿಗೆ ಶೆಡ್ಡುಗಳಲ್ಲಿದ್ದ ಹಲವು ಕುಟುಂಬಗಳ ಹೆಸರುಗಳೇ ನಮ್ಮ ಪಟ್ಟಿಯಲ್ಲಿರಲಿಲ್ಲ. ಉತ್ತರ ಬಂದ ಮನೆಗಳನ್ನು ಎಣಿಸಿದ್ದೆ. ಪ್ರಶ್ನೆಯೇ ತಲುಪದ ಮನೆಗಳನ್ನು ಎಣಿಸಿರಲಿಲ್ಲ.

ಆದರೆ ಆ ಹುಡುಗಿಯಿಂದ ನಾನು ಇನ್ನೊಂದನ್ನೂ ಕಲಿತೆ. ಜಪಸರದ ರಹಸ್ಯಗಳು ಅವಳಿಗೆ ತಪ್ಪಿಲ್ಲದೆ ಬಾಯಿಗೆ ಬರುತ್ತಿದ್ದವು. ತಾಯಿ ಪಾಳಿ ಮುಗಿಸಿ ಬರುವವರೆಗೆ ತಮ್ಮನನ್ನು ಕೂರಿಸಿಕೊಂಡು ತಾನೇ ಜಪಸರ ಹೇಳಿಕೊಡುತ್ತಿದ್ದಳಂತೆ. ಓದುಬಾರದ ತಾಯಿ ತನ್ನಲ್ಲಿದ್ದುದನ್ನು ಪೂರ್ತಿಯಾಗಿ ಕೊಟ್ಟಿದ್ದಳು. ಶ್ರೀರಂಗಪಟ್ಟಣದ ಸೆರೆಯಲ್ಲಿ ಮಕ್ಕಳನ್ನು ಬೆಳೆಸಿದ ತಾಯಂದಿರೂ ಹೀಗೆಯೇ ಕಲಿಸಿರಬೇಕು. ಕೊಡಲಾಗದ್ದನ್ನು ಕೊಡಬೇಕಾದವರು ಬೇರೆಯವರಿದ್ದರು. ಅವರಲ್ಲಿ ನಾನೂ ಒಬ್ಬ.

ಮುಂದೆ ಧರ್ಮಕೇಂದ್ರದ ಕಾಲೇಜು ವಿದ್ಯಾರ್ಥಿಗಳೂ ಇಬ್ಬರು ನಿವೃತ್ತ ಶಿಕ್ಷಕಿಯರೂ ವಾರಕ್ಕೆ ಮೂರು ಸಂಜೆ ಆ ಶೆಡ್ಡುಗಳ ಮಕ್ಕಳಿಗೆ, ಯಾವ ಧರ್ಮದವರೆಂದು ಕೇಳದೆ, ಓದು ಬರಹ ಹೇಳಿಕೊಡಲು ಮುಂದಾದರು. ಹತ್ತು ಹನ್ನೆರಡು ಮಕ್ಕಳು ಬಂದರು. ಅಷ್ಟರಲ್ಲಿ ಕೆಲವು ಕುಟುಂಬಗಳು ಬೇರೆ ಕಾಮಗಾರಿಗೆ ಹೊರಟುಹೋಗಿದ್ದವು. ಆ ಮಕ್ಕಳು ಈಗೆಲ್ಲಿದ್ದಾರೋ ನನಗೆ ತಿಳಿಯದು. 2022ರ ನೆರೆಯಲ್ಲಿ ಆ ಶೆಡ್ಡುಗಳಿಗೂ ನೀರು ನುಗ್ಗಿ ಮಕ್ಕಳ ಪುಸ್ತಕಗಳು ತೊಯ್ದುಹೋದವು. ಅವರನ್ನು ಕರೆತರಲು ಯಾವ ಟ್ರ್ಯಾಕ್ಟರೂ ಹೋಗಿರಲಿಲ್ಲ. ಈ ಬಾರಿ ನಮ್ಮ ಯುವಕರು ಅಂದು ಸಂಜೆಯೇ ಹೋಗಿ ಎಲ್ಲರನ್ನೂ ದೇವಾಲಯದ ಸಭಾಂಗಣಕ್ಕೆ ಕರೆತಂದರು. ಯಾವ ಮನೆಯಲ್ಲಿ ಎಷ್ಟು ಮಕ್ಕಳೆಂಬುದು ಅವರಿಗೆ ಗೊತ್ತಿತ್ತು. ಸೆಪ್ಟೆಂಬರ್ 8ರಂದು ಮಾತೆಯ ಹಬ್ಬದ ಊಟವನ್ನು ಆ ಸಭಾಂಗಣದಲ್ಲೇ ಎಲ್ಲರೂ ಒಟ್ಟಿಗೆ ಮಾಡಿದೆವು.

ಮುಂದಿನ ಬಿರುಗಾಳಿಗೆ ಮುಂಚೆ

ಚರಿತ್ರೆ ನಮಗೆ ಎರಡು ಮಾತುಗಳನ್ನು ಹೇಳುತ್ತಿದೆ. ಮನೆ ನಾವು ತಿಳಿದಿರುವುದಕ್ಕಿಂತ ಬಲವಾದದ್ದು. ಗುರುಗಳಿಲ್ಲದ, ದೇವಾಲಯವಿಲ್ಲದ, ಶಾಲೆಯಿಲ್ಲದ ಹದಿನೈದು ವರ್ಷಗಳನ್ನೂ ಅದು ದಾಟಬಲ್ಲದು. ಆದ್ದರಿಂದ ಬಿರುಗಾಳಿ ನಿಂತೊಡನೆ ಮಕ್ಕಳ ವಿಶ್ವಾಸವನ್ನೂ ವಿದ್ಯೆಯನ್ನೂ ಪೂರ್ತಿಯಾಗಿ ಧರ್ಮೋಪದೇಶದ ತರಗತಿಗೂ ಟ್ಯೂಷನ್ನಿಗೂ ಒಪ್ಪಿಸಿ ಕೈತೊಳೆದುಕೊಳ್ಳುವ ಅಭ್ಯಾಸವನ್ನು ತಂದೆತಾಯಿಗಳು ಬಿಡಬೇಕು. ಮಹಾಮಾರಿಯ ದಿನಗಳಲ್ಲಿ ಮರಳಿ ಬಂದಿದ್ದ ಸಂಜೆಯ ಕುಟುಂಬ ಪ್ರಾರ್ಥನೆ ಎಷ್ಟು ಮನೆಗಳಲ್ಲಿ ಉಳಿದಿದೆಯೆಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.

ಎರಡನೆಯ ಮಾತು ಧರ್ಮಕೇಂದ್ರಗಳಿಗೆ, ನನ್ನಂಥ ಗುರುಗಳಿಗೆ. ಶಾಲೆ ಮನೆಗೆ ಬಂದಾಗ ಮನೆಯಿಲ್ಲದವನ ಮಗು ಎಲ್ಲಿಗೆ ಹೋಗಬೇಕು? ಧಾತು-ಈಶ್ವರದ ಬರದಲ್ಲಿ, ಪ್ಲೇಗಿನಲ್ಲಿ, ಚಿಕ್ಕಬಾಣಾವರದ ನಿಲ್ದಾಣದಲ್ಲಿ ಇದೇ ಪ್ರಶ್ನೆ ನಿಂತಿತ್ತು. ವೈಟ್‌ಫೀಲ್ಡಿನಲ್ಲಾಗಲಿ ಎಲೆಕ್ಟ್ರಾನಿಕ್ ಸಿಟಿಯಲ್ಲಾಗಲಿ ಪೀಣ್ಯದಲ್ಲಾಗಲಿ, ಧರ್ಮಕೇಂದ್ರದ ಎಲ್ಲೆಯೊಳಗಿನ ಶೆಡ್ಡುಗಳನ್ನೂ ಅಲ್ಲಿನ ಮಕ್ಕಳನ್ನೂ ಮಳೆಗಾಲಕ್ಕೆ ಮುಂಚೆಯೇ ಹೆಸರು ಹಿಡಿದು ತಿಳಿದಿರುವುದು ನಮ್ಮ ಕೈಯಲ್ಲಾಗದ ಕೆಲಸವೇನಲ್ಲ.

ಸಂತ ಮಾರ್ಕರ ಆ ಪ್ರಸಂಗದಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ವಿವರವಿದೆ. ಯೇಸುಸ್ವಾಮಿಯಿದ್ದ ದೋಣಿಯ ಜೊತೆಯಲ್ಲಿ ಇನ್ನೂ ಬೇರೆ ದೋಣಿಗಳಿದ್ದವೆಂದು ಶುಭಸಂದೇಶಕಾರರು ಹೇಳುತ್ತಾರೆ. ಆ ದೋಣಿಗಳಲ್ಲಿ ಯಾರಿದ್ದರೋ ಬರೆದಿಲ್ಲ. ಬಿರುಗಾಳಿ ಅವರ ಮೇಲೂ ಬೀಸಿತ್ತು. ಪ್ರಭುವಿನ ಮಾತಿಗೆ ಸಮುದ್ರ ಶಾಂತವಾದಾಗ ಅವರ ದೋಣಿಗಳೂ ದಡ ಸೇರಿರಬೇಕು. ಆ ಪ್ರಭು ನಮ್ಮ ಮನೆಗಳನ್ನು ಕಾಯಲಿ. ನಮ್ಮ ಪಕ್ಕದಲ್ಲಿ ತೇಲುತ್ತಿರುವ ದೋಣಿಗಳನ್ನು ಕಾಣುವ ಕಣ್ಣುಗಳನ್ನೂ ನಮಗೆ ದಯಪಾಲಿಸಲಿ.